ಅಕ್ಕನಿಗೆ ಹೇಳದ ಪಾಠ

ಹಾನಗಲ್ಲಿನ ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ಜೀವಕೋಶದ ಸಂಕೇತಗಳ ಪಾಠವೆಂದರೆ ನನಗೆ ಎಲ್ಲಿಲ್ಲದ ಹುರುಪು. ‘ಬೆಳೆ’ ಎಂಬ ಸಂದೇಶ ಹೊರಗಿನಿಂದ ಬಂದು ಕೋಶದ ಮೈಗೆ ತಾಗುತ್ತದೆ, ಒಳಗೆ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ದಾಟುತ್ತದೆ, ಕೋಶ ಎರಡಾಗುತ್ತದೆ. ಸಂದೇಶ ನಿಂತರೆ ಕೋಶವೂ ಸುಮ್ಮನಾಗಬೇಕು. ನಡುವಿನದೊಂದು ಪ್ರೋಟೀನು ಕೆಟ್ಟು, ಯಾರೂ ಹೇಳದೆಯೇ ‘ಬೆಳೆ, ಬೆಳೆ’ ಎನ್ನುತ್ತಿದ್ದರೆ ಅದು ಕ್ಯಾನ್ಸರಿಗೆ ದಾರಿ. ಇದನ್ನೆಲ್ಲ ಬಾಣ ಹಾಕಿ ಹಾಕಿ ಬೋರ್ಡು ತುಂಬಿಸುತ್ತೇನೆ.

ಅಕ್ಕನಿಗೆ ಬಂದದ್ದು ಇಂಥದೇ ರಕ್ತದ ಕ್ಯಾನ್ಸರು. ನಾನು ಮದುವೆಯಾಗಲಿಲ್ಲ. ಅವಳು ಗಂಡ ತೀರಿದ ಮೇಲೆ ದುಂಡಸಿಯಲ್ಲಿ ಒಬ್ಬಳೇ ಇದ್ದಾಳೆ. ನನಗೆ ಅವಳು, ಅವಳಿಗೆ ನಾನು, ಅಷ್ಟೆ. ಹುಬ್ಬಳ್ಳಿಯ ಡಾಕ್ಟರು ಆ ಕೆಟ್ಟ ಪ್ರೋಟೀನನ್ನು ತಡೆಯುವ ಗುಳಿಗೆ ಬರೆದುಕೊಟ್ಟರು. ದಿನಕ್ಕೊಂದು, ಊಟದ ಜೊತೆ, ಒಂದು ದಿನವೂ ತಪ್ಪಬಾರದು ಎಂದರು.

ನಮ್ಮ ಕಡೆ ಈ ರೋಗದ ಹೆಸರನ್ನು ರೋಗಿಯ ಎದುರು ಎತ್ತುವುದಿಲ್ಲ. ಕಲಿತವಳಾದ ನಾನೂ ಎತ್ತಲಿಲ್ಲ. ರಕ್ತ ಹೆಚ್ಚಿಸುವ ಗುಳಿಗೆ ಎಂದು ಹೇಳಿ ಆಸ್ಪತ್ರೆಯ ಫೈಲನ್ನು ಹಾನಗಲ್ಲಿನ ನನ್ನ ಕೋಣೆಯಲ್ಲಿ ಇಟ್ಟುಕೊಂಡೆ. ಎರಡು ವರ್ಷ ಆ ಸುಳ್ಳನ್ನು ಒಬ್ಬಳೇ ಹೊತ್ತೆ. ಸಂಜೆ ಕೋಣೆಗೆ ಬಂದರೆ ಮಾತಾಡಲು ಯಾರೂ ಇಲ್ಲ. ಅಕ್ಕನಿಗೆ ಫೋನು ಮಾಡಿದರೆ ಮಳೆ, ಬೆಳೆ, ಊಟ ಎನ್ನುವಷ್ಟರಲ್ಲಿ ಮಾತು ಮುಗಿದಿರುತ್ತಿತ್ತು.

ಈ ಸಲ ಶ್ರಾವಣ ಕಳೆದ ಮೇಲೆ ರಕ್ತದ ವರದಿ ಕೆಟ್ಟು ಬಂತು. ಸೋಮವಾರದ ಉಪವಾಸವೆಂದು ಗುಳಿಗೆ ಬಿಟ್ಟಿರಬೇಕು ಅಂದುಕೊಂಡು, ಸಿಟ್ಟಿನಲ್ಲೇ ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ ದುಂಡಸಿಗೆ ಹೋದೆ. ಡಬ್ಬಿ ತೆಗೆದು ನೋಡಿದರೆ ಸೋಮವಾರದವಷ್ಟೇ ಅಲ್ಲ, ಇಡೀ ತಿಂಗಳ ಗುಳಿಗೆಗಳೂ ಹಾಗೇ ಇದ್ದವು.

ಅವತ್ತು ರೋಗದ ಹೆಸರು ಹೇಳಿದೆ. ಮಕ್ಕಳಿಗೆ ಹೇಳುವ ಪಾಠವನ್ನೇ ಅಡುಗೆಮನೆಯಲ್ಲಿ ಕುಳಿತು ಹೇಳಿದೆ. ಒಳಗೊಂದು ಬಾಯಿ ಸುಮ್ಮಸುಮ್ಮನೆ ಕೂಗುತ್ತಿದೆ, ಗುಳಿಗೆ ಅದನ್ನು ಒಂದು ದಿನದ ಮಟ್ಟಿಗೆ ಮುಚ್ಚುತ್ತದೆ, ಮರುದಿನ ಮತ್ತೆ ಮುಚ್ಚಬೇಕು, ಹೀಗೆ ಮುಚ್ಚುತ್ತ ಬಹಳ ವರ್ಷ ಬದುಕಿದವರಿದ್ದಾರೆ ಎಂದೆ. ಅವಳಿಗೆ ತಿಳಿಯಲಿಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ನನ್ನ ವಿದ್ಯಾರ್ಥಿಗಳಿಗೆ ವಾರ ಬೇಕು.

ಇಷ್ಟು ದಿನ ಚಲೋ ನುಂಗಿ ಈಗ ಉಪವಾಸಕ್ಕೆಂದು ತಿಂಗಳಿಡೀ ಯಾಕೆ ಬಿಟ್ಟೆ ಎಂದು ಕೇಳಿದೆ.

“ಉಪವಾಸಕ್ಕ ಬಿಡಲಿಲ್ಲ,” ಎಂದಳು ಅಕ್ಕ. “ಯಾವ ರೋಗ ಅಂತ ನನಗ ಹುಬ್ಬಳ್ಳಿ ದವಾಖಾನ್ಯಾಗಽ ಗೊತ್ತಾಗಿತ್ತು. ನೀ ಹೇಳತೀಯೇನು ಅಂತ ಎರಡು ವರ್ಷ ಹಾದಿ ನೋಡಿದೆ. ಇಷ್ಟು ಕಲಿತಾಕಿ, ನಿನಗಽ ಬಾಯಿಬಿಟ್ಟು ಹೇಳಾಕ ಆಗವಲ್ದು ಅಂದ್ರ, ನಾ ಉಳಿಯೂದಿಲ್ಲ ಅನಕೊಂಡೆ. ಸಾಯಾಕಿಗೆ ಗುಳಗಿ ಯಾಕ?”