ಉಲ್ಟಾ ಬಂದ ಕಾರು, ನನ್ನ ಎರಡನೆಯ ಲೈಸೆನ್ಸು

ಬೆಳಿಗ್ಗೆ ಏಳು ಗಂಟೆ ಹನ್ನೆರಡು ನಿಮಿಷ. ಉಚ್ಚಿಲದ ಹೆದ್ದಾರಿಯಲ್ಲಿ ನಮ್ಮ ಸ್ಕೂಟರಿನ ಎದುರಿಗೆ ಒಂದು ಬಿಳಿ ಕಾರು ಬಂತು. ನಡುವೆ ಡಿವೈಡರ್ ಇರುವ ರಸ್ತೆ. ನಮ್ಮ ಬದಿಯಲ್ಲಿ ಎದುರಿನಿಂದ ಯಾವ ವಾಹನವೂ ಬರುವಂತಿಲ್ಲ. ಕಾರು ಹೆಡ್‌ಲೈಟ್ ಹಾಕಿಕೊಂಡು, ತನ್ನದೇ ದಾರಿ ಎಂಬಂತೆ ಬಂತು. ಎಂಟರ ಬಸ್ಸು ತಪ್ಪೀತೆಂದು ನಾನು ಆಗಷ್ಟೇ ವಾಚು ನೋಡಿದ್ದೆ. ಸ್ಕೂಟರ್ ಓಡಿಸುತ್ತಿದ್ದವರು ನನ್ನ ಮನೆಯೊಡತಿ ಜೆಸಿಂತಾ ಬಾಯಿ. ಹುಟ್ಟಿನಿಂದ ಸಸ್ಯಾಹಾರಿಯಾದ ನನ್ನ ಮಡಿಲಲ್ಲಿ ಅವರ ಬಂಗುಡೆ ಮೀನಿನ ಚೀಲ. ಕಣ್ಣು ಬಿಟ್ಟಾಗ ನಾನು ಹುಲ್ಲಿನ ಮೇಲಿದ್ದೆ, ಬಂಗುಡೆಗಳು ಡಾಂಬರಿನ ಮೇಲಿದ್ದವು. ಬಾಯಿಯವರ ಎಡಗಾಲು ಯಾವ ಕಾಲೂ ಮಡಚಬಾರದ ಕಡೆಗೆ ಮಡಚಿತ್ತು.

ನಾನು ವಿಜಯಪುರ ಬಿಟ್ಟು ಬಂದು ಆಗ ಎಂಟು ತಿಂಗಳು. ಮಣಿಪಾಲದಲ್ಲಿ ಒಂದು ಗ್ರಂಥಾಲಯದ ಕೆಲಸ, ಕಾಪುವಿನಲ್ಲಿ ಬಾಯಿಯವರ ಮಹಡಿಯಲ್ಲಿ ಬಾಡಿಗೆ ಕೋಣೆ. ಇಲ್ಲಿಯ ಜನ ತಮ್ಮೊಳಗೆ ತುಳುವೋ ಕೊಂಕಣಿಯೋ ಆಡುತ್ತಾರೆ. ನನ್ನ ಹತ್ತಿರ ಮಾತ್ರ ಪಾಠ ಒಪ್ಪಿಸುವಂಥ ಶುದ್ಧ ಕನ್ನಡ. ನಮ್ಮ ಕಡೆಯ ‘ಏನ್ರೀ’ ಕೇಳಿದರೆ ಅಂಗಡಿಯವರಿಗೆ ನಾನು ಜಗಳಕ್ಕೇ ಬಂದಂತೆ ಕಾಣುತ್ತಿತ್ತು. ಇಷ್ಟು ಮೆದುವಾದ ಜನ ರಸ್ತೆಗೆ ಇಳಿದೊಡನೆ ಒಂದು ಕೆಲಸ ಮಾಡುತ್ತಾರೆ. ಡಿವೈಡರಿನ ತೆರವು ದೂರವಿದ್ದರೆ ಅಲ್ಲಿಯವರೆಗೆ ಹೋಗಿ ತಿರುಗಿಸಿ ಬರುವುದಿಲ್ಲ; ತಪ್ಪು ಬದಿಯಲ್ಲೇ ಹೊರಟುಬಿಡುತ್ತಾರೆ. ಅದಕ್ಕೆ ‘ಉಲ್ಟಾ ಹೋಗುವುದು’ ಎನ್ನುತ್ತಾರೆ, ಮನೆಯ ಹಿತ್ತಿಲ ಬಾಗಿಲಿನಿಂದ ಹೋದಷ್ಟೇ ಸಲೀಸಾಗಿ.

ಬಾಯಿಯವರನ್ನು ಆಸ್ಪತ್ರೆಯಿಂದ ಕರೆತಂದ ವಾರ ಕಾರಿನ ಯಜಮಾನರು ಹಣ್ಣಿನ ಬುಟ್ಟಿ ಹಿಡಿದು ಬಂದರು. ಕಾರ್ಕಳದ ಕಡೆಯವರು, ಇಸ್ತ್ರಿ ಕೆಡದ ಅಂಗಿ. ಪೊಲೀಸರಿಗೆ ನಾನು ಕೊಟ್ಟ ಹೇಳಿಕೆಯೊಂದೇ ಅವರ ಚಿಂತೆ.

“ಬಾಯಿ, ಸ್ಕೂಟರೇ ನನಗೆ ಅಡ್ಡ ಬಂದದ್ದಲ್ವಾ? ಈ ಮೇಡಂ ಘಟ್ಟದವರು, ಪಾಪ. ಇಲ್ಲಿಯ ರಸ್ತೆ ಇವರಿಗೆ ಎಂತ ಗೊತ್ತುಂಟು?” ಎಂದವರು ನನ್ನ ಕಡೆ ತಿರುಗಿದರು. “ನಿಮಗೆ ಲೈಸೆನ್ಸ್ ಉಂಟಾ ಮೇಡಂ?”

ಇಪ್ಪತ್ತನೆಯ ವಯಸ್ಸಿನಲ್ಲಿ ಮಾಡಿಸಿದ್ದ ಲೈಸೆನ್ಸ್ ಅವಧಿ ಮುಗಿದು ಎರಡು ವರ್ಷವಾಗಿತ್ತು. ಸ್ಟೇರಿಂಗ್ ಮುಟ್ಟಿ ಹತ್ತು ವರ್ಷವಾಗಿತ್ತು. ನಾನು ಹಣ್ಣಿನ ಬುಟ್ಟಿಯ ಕಡೆ ನೋಡಿದೆ. ಅವರು ನಕ್ಕರು. ಘಟ್ಟದವರು ಎಂದರೆ ಘಟ್ಟದ ಮೇಲಿನಿಂದ ಬಂದವರು. ಹಾಗೆಂದರೆ, ಆ ಹೊತ್ತಿಗೆ, ಲೆಕ್ಕಕ್ಕೆ ಇಲ್ಲದವರು. ನ್ಯಾಯಾಲಯದಲ್ಲೂ ಅವರ ವಕೀಲರು ಹೀಗೆಯೇ ಕೇಳುತ್ತಾರೆ, ನನ್ನ ಸಾಕ್ಷಿ ಅಲ್ಲಿಯೇ ಮುರಿದು ಬೀಳುತ್ತದೆ ಎಂದು ನನಗೆ ಖಚಿತವಾಯಿತು. ಅವರು ಗೇಟು ದಾಟುವ ಮೊದಲೇ ನಾನು ಡ್ರೈವಿಂಗ್ ಸ್ಕೂಲಿಗೆ ಫೋನ್ ಮಾಡಿದೆ.

ಅವಧಿ ಮೀರಿ ವರ್ಷ ಕಳೆದದ್ದರಿಂದ ಎಲ್ಲವೂ ಮೊದಲಿನಿಂದ: ಎಲ್‌ಎಲ್ ಎಂಬ ಕಲಿಕಾ ಲೈಸೆನ್ಸ್, ಎಲ್ ಬೋರ್ಡು, ಟೆಸ್ಟು. ಕಲಿಸಲು ಬಂದವರು ಭೋಜಣ್ಣ. ಮೊದಲು ಮಲ್ಪೆಯಲ್ಲಿ ತಾಂಡೇಲ, ಅಂದರೆ ಮೀನುಗಾರಿಕೆ ಬೋಟು ನಡೆಸುವವರು.

“ಮೇಡಂ, ಗೇರಿನ ಮೇಲೆ ಎಂತಕ್ಕೆ ಇಷ್ಟು ಸಿಟ್ಟು? ಅದು ನಿಮಗೆ ಎಂತ ಮಾಡಿದೆ?”

ಅವರಿಗೆ ಹೇಗೆ ಹೇಳಲಿ? ಪ್ರತಿ ಗೇರಿನಲ್ಲೂ ಆ ಯಜಮಾನರ ನಗು ಕಾಣುತ್ತಿತ್ತು. ಎದುರು ಬಿಳಿ ಕಾರು ಕಂಡರೆ ನನ್ನ ಪಾದ ತಾನಾಗಿ ಬ್ರೇಕಿನ ಮೇಲೆ ಬೀಳುತ್ತಿತ್ತು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. “ಬೋಟಿನಲ್ಲಿ ಬ್ರೇಕೇ ಇಲ್ಲ ಮಾರಾಯ್ರೆ, ಆದರೂ ನಾನು ಬದುಕಿದ್ದೇನೆ,” ಎನ್ನುತ್ತಿದ್ದರು ಭೋಜಣ್ಣ.

ಬಯಲು ಸೀಮೆಯಲ್ಲಿ ಕಲಿತವಳಿಗೆ ಏರು ಎಂದರೆ ಫ್ಲೈಓವರ್ ಅಷ್ಟೆ. ಕಡಿಯಾಳಿ ದಾಟಿ ಮಣಿಪಾಲಕ್ಕೆ ಹತ್ತುವಾಗ ಹಾಫ್ ಕ್ಲಚ್ ಸಿಗದೆ ಕಾರು ಹಿಂದಕ್ಕೆ ಜಾರಿದಾಗ ಹಿಂದಿದ್ದ ಆಟೋದವರು ಇಳಿದು ಬಂದು ಎರಡು ಕೈಯೆತ್ತಿ ಮುಗಿದರು. ಮೂರು ವಾರ ಅದೇ ಏರು, ಅದೇ ಕ್ಲಚ್ಚು.

ಒಂದು ದಿನ ಕಾಪುವಿನ ಬಳಿ ಭೋಜಣ್ಣ, “ಉಲ್ಟಾ ಹೋಗುವ, ಇಲ್ಲೇ ಹತ್ತಿರ,” ಎಂದರು. ನಾನು ಇಂಡಿಕೇಟರ್ ಹಾಕಿಯೇ ಬಿಟ್ಟಿದ್ದೆ. ನಾನು! ಥಟ್ಟನೆ ಅದನ್ನು ಆರಿಸಿದೆ. ನೇರ ಹೋಗಿ, ಮುಂದಿನ ತೆರವಿನಲ್ಲಿ ತಿರುಗಿಸಿದೆ.

ಇದನ್ನು ಹೆಮ್ಮೆಯಿಂದ ಹೇಳಿದರೆ ಬಾಯಿಯವರು ವಾಕರ್ ಹಿಡಿದೇ ನಕ್ಕರು. “ಬಾಯೆ, ನಾನು ಪ್ರತಿ ಆದಿತ್ಯವಾರ ಇಗರ್ಜಿಗೆ ಉಲ್ಟಾವೇ ಹೋದದ್ದು. ಆ ಕಾರಿನವನನ್ನು ಬಿಟ್ಟುಬಿಡು.” ಇಗರ್ಜಿ ಎಂದರೆ ಚರ್ಚು; ಬಾಯೆ ಎನ್ನುವುದು ಕೊಂಕಣಿಯಲ್ಲಿ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಕರೆಯುವ ಮಾತು.

“ಬಿಡುವುದಿಲ್ಲ,” ಎಂದೆ.

“ನಿನಗೆ ಸೇಡು ಬೇಕು. ನನಗೆ ಕಾಲು ಬೇಕು.”

ಆ ಮಾತು ಚುಚ್ಚಿತು. ಆದರೂ ನಾನು ಬಿಡಲಿಲ್ಲ. ನನಗೆ ಸೇಡೇ ಬೇಕಿತ್ತು; ಸುಳ್ಳು ಹೇಳಿ ಏನು ಪ್ರಯೋಜನ?

ಟೆಸ್ಟಿನ ದಿನ ಇನ್‌ಸ್ಪೆಕ್ಟರು ಏರಿನಲ್ಲಿ ನಿಲ್ಲಿಸಲು ಹೇಳಿದರು. ಕ್ಲಚ್ ಕಚ್ಚುವ ಜಾಗ ಪಾದಕ್ಕೆ ಸಿಕ್ಕಿತು; ಕಾರು ಒಂದಂಗುಲವೂ ಜಾರದೆ ಮುಂದಕ್ಕೆ ಹೋಯಿತು. “ಪಾಸ್,” ಎಂದರು ಅವರು, ತಲೆಯೆತ್ತದೆ.

ವಿಚಾರಣೆಗೆ ಲೈಸೆನ್ಸ್ ಕೈಚೀಲದಲ್ಲಿಟ್ಟುಕೊಂಡು ಉಡುಪಿಯ ನ್ಯಾಯಾಲಯಕ್ಕೆ ಹೋದೆ. ಹೇಳಬೇಕಾದ ಪ್ರತಿ ವಾಕ್ಯವೂ ಬಾಯಿಪಾಠ. ನನ್ನ ಹೆಸರು ಕೂಗಲೇ ಇಲ್ಲ. ಯಜಮಾನರು ತಪ್ಪೊಪ್ಪಿಕೊಂಡು, ದಂಡ ಕಟ್ಟಿ, ಹೊರಗೆ ಬಂದುಬಿಟ್ಟಿದ್ದರು. ಹಸಿದವಳ ಎದುರಿನಿಂದ ಎಲೆ ಎತ್ತಿದ ಹಾಗಾಯಿತು.

ಜಗಲಿಯಲ್ಲಿ ನನ್ನನ್ನು ಕಂಡು ಅವರು ನಿಂತರು. “ಎಲ್ಲ ಮುಗಿಯಿತಲ್ಲ ಮೇಡಂ. ಇನ್ನು ಊರಿಗೆ ಹೋಗ್ತೀರಾ?”

“ನನ್ನ ಊರು ಕಾಪು,” ಎಂದೆ. “ಇಲ್ಲೇ ಇರುತ್ತೇನೆ. ಇದೇ ರಸ್ತೆಯಲ್ಲಿ ಕಾರು ಓಡಿಸುತ್ತೇನೆ. ನೀವು ಉಲ್ಟಾ ಬಂದಾಗಲೆಲ್ಲ ಎದುರಿಗೆ ಸಿಗುತ್ತೇನೆ.”

ಅವರ ನಗು ಅರ್ಧಕ್ಕೆ ನಿಂತಿತು. ನನಗೆ ಸಿಕ್ಕ ಸೇಡು ಅಷ್ಟೇ. ಸಾಕಾಯಿತು.

ಬಸ್ಸಿನಲ್ಲಿ ಕುಳಿತ ಮೇಲೆ ಅವ್ವನ ಫೋನು. “ಕೋರ್ಟಿನ ಕೆಲಸ ಮುಗೀತಿಲ್ಲೊ? ಇನ್ನರ ಮನಿಗೆ ಬಾರವಾ.” ಬರ್ತೀನಿ ಎಂದೆ. ಅವ್ವನಿಗೆ ಹೇಳಿದ್ದೂ ನಿಜವೆನಿಸಿತು, ಜಗಲಿಯಲ್ಲಿ ಹಟಕ್ಕೆ ಬಿದ್ದು ಅಂದದ್ದೂ ಸುಳ್ಳೆನಿಸಲಿಲ್ಲ. ಎರಡನ್ನೂ ಹೊತ್ತುಕೊಂಡೇ ಕಾಪುವಿನಲ್ಲಿ ಇಳಿದೆ. ಅಂದು ರಾತ್ರಿ ದಿಂಬಿಗೆ ತಲೆಯಿಟ್ಟವಳು, ಅಪಘಾತವಾದ ಮೇಲಿನ ಆರು ತಿಂಗಳಲ್ಲಿ ಮೊದಲ ಸಲ, ಬೆಳಗಾಗುವವರೆಗೆ ಏಳಲಿಲ್ಲ.