ಕುಂಕುಮದ ತೂಕ

ನೀವು ಎಂದಾದರೂ ಪೂಜೆಯನ್ನು ತೂಗಿದ್ದೀರಾ? ಕಳೆದ ಶುಕ್ರವಾರ ಬ್ಯಾಡಗಿಯಲ್ಲಿ ನಾನು ತೂಗಿದೆ.

ನಿಮಗೆ ಗೊತ್ತೇ ಇದೆ, ಅಂಗಡಿಗಳ ತೂಕದ ಕಲ್ಲುಗಳನ್ನು ಟೆಸ್ಟ್ ಮಾಡಿ ಸರಕಾರದ ಮುದ್ರೆ ಒತ್ತುವುದು ನನ್ನ ನೌಕರಿ. (ಹಾವೇರಿಯ ಅಂಗಡಿಕಾರರು ನನ್ನನ್ನು ಕಂಡರೆ ಚಹಾ ತರಿಸುತ್ತಾರೆ. ಪ್ರೀತಿಯಿಂದಲ್ಲ.) ಯಾವ ಕಲ್ಲೂ ಕರಾರುವಾಕ್ಕಾಗಿ ಇರುವುದಿಲ್ಲ. ಅದಕ್ಕೇ ಇಂತಿಷ್ಟು ಹೆಚ್ಚುಕಡಿಮೆಯಾದರೆ ಬಿಟ್ಟುಕೊಡಿ ಎಂದು ನಮ್ಮ ರೂಲಿನಲ್ಲೇ ಇದೆ. ಅದನ್ನು ಒಂದು ಗುಲಗಂಜಿಯಷ್ಟು ದಾಟಿದರೂ ಮುದ್ರೆ ಇಲ್ಲ.

ಮೆಣಸಿನಕಾಯಿ ಸಾಹುಕಾರ ವಿರೂಪಾಕ್ಷಪ್ಪನವರ ದೊಡ್ಡ ಕಲ್ಲು ದಾಟಿತ್ತು. ಏಕೆ? ಪ್ರತಿ ದೀಪಾವಳಿಗೆ ತಕ್ಕಡಿ, ಕಲ್ಲುಗಳಿಗೆ ಲಕ್ಷ್ಮೀಪೂಜೆ. ಎಣ್ಣೆ, ಅರಿಷಿಣ, ಕುಂಕುಮ. ಹಳೆಯದರ ಮೇಲೆ ಹೊಸದು. ಕಬ್ಬಿಣವೇ ಕಾಣದಷ್ಟು ದಪ್ಪಗೆ ಮೆತ್ತಿಕೊಂಡಿತ್ತು.

“ಇದನ್ನ ತೊಳಸ್ರಿ, ಸಾಹುಕಾರ್ರ.”

“ಶುಕ್ರವಾರ ಲಕ್ಷ್ಮೀನ ತೊಳದ ಹೊರಗ ಚೆಲ್ಲಂತೀರೇನ್ರಿ? ಇಷ್ಟ ವರ್ಷ ಇದರಾಗ ತೂಗೇವಿ. ಬಿಟ್ಟಬಿಡ್ರಿ.”

ದಾಟಿದ್ದಾದರೂ ಎಷ್ಟು? ತುಸು. ನಾನೂ ದೇವರಿಗೆ ಹೆದರುವವನೇ. ಮುದ್ರೆ ಕೈಗೆತ್ತಿಕೊಂಡೆ. ಸುಳ್ಳೇಕೆ ಹೇಳಲಿ, ಒತ್ತಿಯೇ ಬಿಡುತ್ತಿದ್ದೆ.

ಆಗ ಚೀಲಗಳ ಮೇಲೆ ಕುಳಿತಿದ್ದ ಮೇಡ್ಲೇರಿಯ ಗಂಗವ್ವ ಎದ್ದು ಬಂದಳು. ಹಿಂದಿನ ದಿನವೇ ಚಕ್ಕಡಿ ಹೂಡಿಕೊಂಡು ಊರು ಬಿಟ್ಟವಳು. ಅವಳ ವರ್ಷದ ಮೆಣಸಿನಕಾಯಿಯೆಲ್ಲ ಆ ಹನ್ನೊಂದು ಚೀಲಗಳಲ್ಲಿತ್ತು. ಸಾಹುಕಾರರು ಅದನ್ನು ಈ ಕಲ್ಲಿನಿಂದಲೇ ತೂಗಿ ಕೊಳ್ಳುವವರಿದ್ದರು.

“ಸಾಹೇಬ್ರ, ಕಲ್ಲು ಹೆಚ್ಚಾದ್ರ ಅದಕ್ಕ ಸರಿಯಾಗೂವಷ್ಟು ನನ್ನ ಕಾಯಿನ ಹೆಚ್ಚಿಗಿ ಹಾಕ್ತಾರ, ಹೌದಿಲ್ಲೋ?”

“ಹೌದವ್ವ. ಆದ್ರ ತುಸಾನ ಐತಿ.”

“ತೂಗಿದಾಗೊಮ್ಮೆ ತುಸು ಹೋದ್ರ ಅದು ತುಸು ಹ್ಯಾಂಗ್ರಿ? ಅವರು ಬಿಡ್ರಿ ಅಂತಾರ, ನೀವು ಬಿಡ್ತೀರಿ. ಕಾಯಿ ನಂದು. ನನ್ನ ಯಾರ ಕೇಳಿದ್ರಿ?”

ನನಗೆ ನಾಚಿಕೆಯಾಯಿತು. ಬಿಟ್ಟುಕೊಡುವುದಕ್ಕೆ ರೂಲು ಒಂದು ಮಿತಿ ಹಾಕಿದೆ. ಅದರಾಚೆಗೂ ಧಾರಾಳಿಯಾಗಲು ನಾನು ಯಾರು? ಅದೂ ಅವಳ ಚೀಲದಿಂದ?

ಮುದ್ರೆ ಕೆಳಗಿಟ್ಟೆ. “ಇದನ್ನ ತೊಳೀಲಿಲ್ಲಂದ್ರ ಇವತ್ತ ಈ ಅಂಗಡ್ಯಾಗ ತೂಕಿಲ್ಲ” ಎಂದೆ. ಸಾಹುಕಾರರು ಮುಖ ತಿರುಗಿಸಿದರು. ಗಂಗವ್ವ ಅವರ ಅಪ್ಪಣೆಗೆ ಕಾಯಲಿಲ್ಲ. ಕಲ್ಲಿಗೆ ಕೈಮುಗಿದಳು. ಅದರ ಕುಂಕುಮವನ್ನೇ ಚಿಟಿಕೆ ತೆಗೆದು ಹಣೆಗಿಟ್ಟುಕೊಂಡಳು. ಆಮೇಲೆ ಬಿಸಿನೀರು, ಬೂದಿ ತಂದು ತಾನೇ ತಿಕ್ಕಿದಳು. ಮತ್ತೆ ತೂಗಿದೆ. ಮಿತಿಯೊಳಗೆ ಬಂತು. ಮುದ್ರೆ ಒತ್ತಿದೆ. ಅವಳ ಚೀಲಗಳು ತಕ್ಕಡಿ ಏರಿದವು.

ಹೊರಡುವ ಮುಂಚೆ, ಅದೇ ಅಂಗಡಿಯಲ್ಲಿ ಬೆಲ್ಲ ಮಾರಲು ಇಟ್ಟಿದ್ದ ಸಣ್ಣ ಕಲ್ಲುಗಳನ್ನೂ ಟೆಸ್ಟ್ ಮಾಡಿದೆ. ಅವಕ್ಕೂ ಪ್ರತಿ ದೀಪಾವಳಿಗೆ ಅದೇ ಪೂಜೆ, ಅದೇ ಎಣ್ಣೆ, ಅದೇ ಕುಂಕುಮ. ಆದರೆ ಒಂದೊಂದೂ ತೊಳೆದಿಟ್ಟ ತಾಟಿನ ಹಾಗೆ ಹೊಳೆಯುತ್ತಿತ್ತು.

ಕೊಳ್ಳುವ ಕಲ್ಲಿನ ಮೇಲೆ ವರ್ಷವಿಡೀ ಕೂರುವ ಲಕ್ಷ್ಮಿ, ಮಾರುವ ಕಲ್ಲಿನ ಮೇಲೆ ಮಾತ್ರ ಒಂದು ದಿನವೂ ಏಕೆ ನಿಲ್ಲುವುದಿಲ್ಲ?