ಮೂರು ನಿಮಿಷಕ್ಕೆ ಕತ್ತರಿಸಿದ ರಾಗ

ಲಂಡನ್ನಿನ ಇಲ್ಫರ್ಡಿಗೆ ಬಂದ ಮೊದಲ ಭಾನುವಾರ ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಒಂದಕ್ಕೊಂದು ಅಂಟಿಕೊಂಡ ಸಾಲುಮನೆಗಳು. ಯಾವುದರಿಂದಲೂ ಒಗ್ಗರಣೆಯ ವಾಸನೆಯಿಲ್ಲ, ಜಗಳದ ದನಿಯಿಲ್ಲ. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಇಷ್ಟು ಮೌನ ಯಾರಾದರೂ ಸತ್ತಾಗ ಮಾತ್ರ. ಅಷ್ಟರಲ್ಲಿ ನಮ್ಮ ಮಹಡಿಯ ಕೋಣೆಯ ನೆಲದಡಿಯಿಂದ ಮ್ಯಾಂಡೊಲಿನ್ ಕೇಳಿಸಿತು. ಬೆಚ್ಚಿಬಿದ್ದೆ.

ಊರಿನಲ್ಲಿ ನಾನು ಮದುವೆ ಆರ್ಕೆಸ್ಟ್ರಾಗಳಲ್ಲಿ ಮ್ಯಾಂಡೊಲಿನ್ ನುಡಿಸುತ್ತಿದ್ದವನು. ತೊಂಬತ್ತರ ದಶಕದ ಕೊನೆಗೆ ಹೆಂಡತಿ ಸುನಂದಾಳಿಗೆ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತು. ಅವಳ ಬೆನ್ನಿಗೆ ಬಂದ ನಾನು ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಿದ್ದೆ.

“ಕೆಳಗಿನ ಅಜ್ಜಿ ಗ್ರಾಮೊಫೋನ್ ಹಚ್ಯಾರ್ರಿ. ಹೋಗಿ ಮಾತಾಡಸ್ರಲ್ಲಾ” ಎಂದಳು ಸುನಂದಾ.

ಅಜ್ಜಿಯೆಂದರೆ ನಮ್ಮ ಮನೆಯೊಡತಿ ರೋಸಾ. ಅವರ ತಂದೆ ನೇಪಲ್ಸಿನಿಂದ ವಲಸೆ ಬಂದ ಮ್ಯಾಂಡೊಲಿನ್ ವಾದಕರು. ಧ್ವನಿಮುದ್ರಣ ಆಗಷ್ಟೇ ಕಣ್ಣು ಬಿಡುತ್ತಿದ್ದ ಕಾಲ. ಮೈಕಿಲ್ಲ, ದೊಡ್ಡ ತುತ್ತೂರಿಯ ಬಾಯಿಗೆ ವಾದ್ಯ ತಾಗುವಷ್ಟು ಹತ್ತಿರ ಕೂತು ನುಡಿಸಬೇಕಿತ್ತಂತೆ. ಗ್ರಾಮೊಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರೇ ನಿಮಿಷ. ಅವರೇ ಕಟ್ಟಿದ ದೀರ್ಘ ಕೃತಿಯ ಮೊದಲ ತುಂಡಷ್ಟೇ ಮುದ್ರಣವಾಯಿತು. ಅಷ್ಟಕ್ಕೇ ಹೆಸರು ಬಂತು, ನಾಟಕಶಾಲೆಗಳು ತುಂಬಿದವು. ಆಮೇಲೆ ಸ್ಯಾಕ್ಸೋಫೋನಿನ ನೃತ್ಯತಂಡಗಳು ಬಂದವು, ಇವರನ್ನು ಕರೆಯುವವರೇ ಇಲ್ಲವಾದರು. ಎರಡನೇ ಮಹಾಯುದ್ಧ ಬಂದಾಗ ಶತ್ರುದೇಶ ಇಟಲಿಯವರೆಂದು ಹಿಡಿದೊಯ್ದು ಶಿಬಿರದಲ್ಲಿಟ್ಟರು. ಮರಳಿದ ಮೇಲೆ ಅವರು ವಾದ್ಯ ಮುಟ್ಟಲಿಲ್ಲ.

“ಮುದ್ರಣವಾಗದ ಭಾಗ?” ಎಂದೆ, ನನ್ನ ಹರಕು ಇಂಗ್ಲಿಷಿನಲ್ಲಿ.

“ಯುದ್ಧಕ್ಕೆ ಮೊದಲು ದಿನಾ ಸಂಜೆ ನುಡಿಸುತ್ತಿದ್ದರು. ನಾನು ಬಾಗಿಲು ಹಾಕಿಕೊಂಡು ರೇಡಿಯೋದಲ್ಲಿ ನೃತ್ಯದ ಹಾಡು ಕೇಳುತ್ತಿದ್ದೆ. ಸಂದಿಯಿಂದ ನುಸುಳಿ ಬಂದಷ್ಟೇ ನನಗೆ ಗೊತ್ತು” ಎಂದರು ರೋಸಾ.

ಆ ಚಳಿಗಾಲವೆಲ್ಲ ಅವರು ಗುನುಗಿದರು, ನಾನು ತಂತಿಗಿಳಿಸಿಕೊಂಡೆ. ಅಂಗಡಿಗಳಲ್ಲಿ ನನ್ನ ಮಾತಿಗೆ ಹುಬ್ಬೇರಿಸುವವರೇ ಹೆಚ್ಚು; ರೋಸಾರ ಅಡುಗೆಮನೆಯಲ್ಲಿ ಮಾತೇ ಬೇಕಿರಲಿಲ್ಲ. ‘ಕಪ್ಪಾ?’ ಎಂದರೆ ಚಹಾ ಬೇಕೇ ಎಂದರ್ಥವೆಂದು ಕಲಿತದ್ದೂ ಅಲ್ಲೇ. ಅವರು ಬೆಳ್ಳುಳ್ಳಿ ಹುರಿದ ದಿನ ಮನೆಗೆ ಕೊನೆಗೂ ಮನೆಯ ವಾಸನೆ ಬರುತ್ತಿತ್ತು.

ರಾಗದ ಒಂದು ಕಡೆ ಬಂದು ರೋಸಾ ನಿಂತುಬಿಟ್ಟರು. ಮುಂದಿನದು ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

“ನೀನೇ ಮುಗಿಸು.”

“ನಿಮ್ಮ ಸಂಗೀತ ನನಗೆ ಬರುವುದಿಲ್ಲ.”

“ನಡುವೆ ಕಡಿದುಹೋಗುವುದಕ್ಕಿಂತ ವಾಸಿಯಲ್ಲವೇ?”

ನುಡಿಸಿದೆ. ಎಷ್ಟು ತಡೆದರೂ ಮುಕ್ತಾಯ ನಮ್ಮ ಭೈರವಿ ರಾಗದ ಕಡೆಗೇ ವಾಲಿತು.

“ಚೆನ್ನಾಗಿದೆ. ಆದರೆ ಇದು ಅಪ್ಪನದಲ್ಲ” ಎಂದು ರೋಸಾ ನನ್ನ ಕೈ ಹಿಡಿದರು. “ಆಗ ಒಮ್ಮೆ ಬಾಗಿಲು ತೆಗೆದಿದ್ದರೆ ಸಾಕಿತ್ತು.”

ಮರುವರ್ಷ ಅವರು ತೀರಿಕೊಂಡರು, ಮನೆ ಮಾರಾಟವಾಯಿತು. ನಾವು ಲಂಡನ್ನಿನ ಇನ್ನೊಂದು ಮೂಲೆಯ ಹ್ಯಾರೋಗೆ ಬಂದೆವು. ಇಲ್ಲಿ ದೋಸೆ ಹಿಟ್ಟು ಸಿಗುತ್ತದೆ, ದೇವಸ್ಥಾನವಿದೆ, ಕನ್ನಡ ಕಿವಿಗೆ ಬೀಳುತ್ತದೆ. ಒಂಟಿತನ ಕಡಿಮೆಯಾಗಿದೆ. ಆದರೆ ನನ್ನೆದುರು ಕೂತು ಗುನುಗುವವರಿಲ್ಲ.

ಕಳೆದ ಬೇಸಿಗೆಯಲ್ಲಿ ಹುಬ್ಬಳ್ಳಿಗೆ ಹೋದಾಗ ಅಕ್ಕನೆದುರು ರೋಸಾರ ಆ ರಾಗವನ್ನು ನುಡಿಸಿದೆ.

“ಚಲೋ ಐತಿ ತಮ್ಮಾ. ಆದ್ರ ನಮ್ಮದಲ್ಲ ಬಿಡು” ಎಂದಳು.

ಜೊತೆಗೆ ಬಂದಿದ್ದ, ಹ್ಯಾರೋದಲ್ಲೇ ಹುಟ್ಟಿದ ಮಗಳು ಅಡ್ಡಬಾಯಿ ಹಾಕಿದಳು: “ಇಟ್ಸ್ ಸೋ ಇಂಡಿಯನ್, ಅಪ್ಪಾ!”

ಇಬ್ಬರಿಗೂ ತಲೆಯಾಡಿಸಿದೆ. ಆ ರಾಗಕ್ಕೆ ಈಗ ಊರೆಂದು ಉಳಿದಿರುವುದು ನಾನೊಬ್ಬನೇ.